ಒಂದು ಪುಟದ ಊರು

ಬಹಳ ಬಹಳ ಹಿಂದೆ, ಬೆಳಗಾಗುವುದು ಸೂರ್ಯನಿಂದ ಎಂಬುದು ಜನಕ್ಕೆ ಇನ್ನೂ ಗೊತ್ತಿಲ್ಲದಿದ್ದ ಕಾಲದಲ್ಲಿ, ನದಿ ಸೊಂಟ ತಿರುಗಿಸುವ ಜಾಗದಲ್ಲಿ ಒಬ್ಬ ರಾಕ್ಷಸನಿದ್ದ. ಅವನಿಗೆ ಒಂದೇ ಕೊಂಬು, ಅದೂ ಇಟ್ಟಿಗೆಯದು. ಹಗಲೆಲ್ಲ ಹತ್ತಿ ತಿಂದು ಬಟ್ಟೆ ಉಗುಳುತ್ತಿದ್ದ. ದಿನಕ್ಕೆ ಮೂರು ಸಲ ಕೂಗುತ್ತಿದ್ದ. ಬೆಳಗ್ಗೆ ಕೂಗಿ ಜನರನ್ನು ನುಂಗುತ್ತಿದ್ದ, ಸಂಜೆ ಕೂಗಿ ಹೊರಗೆ ಬಿಡುತ್ತಿದ್ದ.

"ಏನಮ್ಮ ಇದು?" ಎಂದರು ಹೆಡ್ ಕ್ಲಾರ್ಕು.

"ಊರಿನ ಇತಿಹಾಸ ಸಾರ್."

"ಜನಸಂಖ್ಯೆ ಎಲ್ಲಿ?"

"ಅದು ಕೊನೆಯಲ್ಲಿ ಬರುತ್ತೆ. ರಾಕ್ಷಸ ಸತ್ತ ಮೇಲೆ."

ಹೆಡ್ ಕ್ಲಾರ್ಕು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಹಾಳೆಯ ಮೇಲೆ ರಾಕ್ಷಸ ಇನ್ನೂ ಇದ್ದ.

ಅವರು ಕೇಳಿದ್ದು ದೊಡ್ಡದೇನಲ್ಲ. ಬಸ್ ನಿಲ್ದಾಣದ ಬಳಿಯ ಹಳೆಯ ಬೋರ್ಡು ತುಕ್ಕು ಹಿಡಿದು ಬಿದ್ದಿತ್ತು. ಅದರ ಮೇಲೆ ಊರಿನ ಜನಸಂಖ್ಯೆ ಒಂಬತ್ತು ಸಾವಿರದ ನಾನೂರು ಎಂದಿತ್ತು. ಬಟ್ಟೆ ಗಿರಣಿ ನಡೆಯುತ್ತಿದ್ದ ಕಾಲದ ಲೆಕ್ಕ ಅದು. ಈಗ ಅಷ್ಟು ಕಾಗೆಗಳೂ ಊರಲ್ಲಿಲ್ಲ. ಹೊಸ ಬೋರ್ಡಿಗೆ ಒಂದು ಪುಟ ಬೇಕಿತ್ತು: ಇತಿಹಾಸ ಹನ್ನೊಂದು ಸಾಲು, ಜನಸಂಖ್ಯೆ ಒಂದು ಸಾಲು. ಪುರಸಭೆಯ ಕಚೇರಿಯಲ್ಲಿ ಜನನ ಮರಣದ ಪುಸ್ತಕ ನೋಡಿಕೊಳ್ಳುತ್ತಿದ್ದ ಈ ಹುಡುಗಿಗೆ ಕೆಲಸ ಕಡಿಮೆ, ಏಕೆಂದರೆ ಜನನದ ಪುಸ್ತಕವನ್ನು ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. "ಒಂದು ವಾರದಲ್ಲಿ ಕೊಡ್ತೀನಿ ಸಾರ್" ಎಂದಿದ್ದಳು. ಅದಾಗಿ ಐದು ತಿಂಗಳು.

ಅವಳು ಸುಮ್ಮನೆ ಕೂತಿದ್ದಳು ಅಂತಲ್ಲ. ಎರಡು ನೋಟ್‌ಬುಕ್ ತುಂಬಿಸಿದ್ದಳು. ಆದರೆ ಗಿರಣಿಯ ಬಗ್ಗೆ ಬರೆಯಬೇಕಾದರೆ ನದಿಯ ಬಗ್ಗೆ ಬರೆಯಬೇಕು, ನದಿಯ ಬಗ್ಗೆ ಬರೆಯಬೇಕಾದರೆ ಅದು ಹುಟ್ಟಿದ ಗುಡ್ಡದ ಬಗ್ಗೆ ಬರೆಯಬೇಕು ಎಂದುಕೊಂಡು ಮೊದಲ ನೋಟ್‌ಬುಕ್ ಗುಡ್ಡದಲ್ಲೇ ಮುಗಿದಿತ್ತು. ಎರಡನೆಯದರಲ್ಲಿ ಒಂದು ಆಮೆ ಬಂದು ಸೇರಿಕೊಂಡಿತ್ತು. ಆಮೆಯನ್ನು ಬಿಟ್ಟುಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಕಚೇರಿಯವರೆಲ್ಲ ಅವಳನ್ನು ಕಥೆಯಮ್ಮ ಎನ್ನುತ್ತಿದ್ದರು. ಅದು ಹೊಗಳಿಕೆ ಎಂದು ಮೊದಲ ಮೂರು ವಾರ ಅವಳು ನಂಬಿದ್ದಳು.

"ನೋಡಮ್ಮ ಕಥೆಯಮ್ಮ" ಎಂದು ಹೆಡ್ ಕ್ಲಾರ್ಕು ಮೇಜಿನ ಡ್ರಾಯರಿನಿಂದ ಹಳದಿ ಹಿಡಿದ ಪುಸ್ತಿಕೆಯೊಂದನ್ನು ತೆಗೆದರು. "ಶನಿವಾರ ಪೇಂಟರ್ ಬರ್ತಾನೆ. ಅಷ್ಟರೊಳಗೆ ನಿನ್ನ ಪುಟ ಬರಲಿಲ್ಲ ಅಂದ್ರೆ ಇದನ್ನೇ ಬರೆಸಿಬಿಡ್ತೀನಿ. ಗಿರಣಿಯವರೇ ಅಚ್ಚು ಹಾಕಿಸಿದ್ದು. ಎಲ್ಲಾ ಇದೆ, ರಾಕ್ಷಸ ಒಬ್ಬ ಇಲ್ಲ."

ಅವಳು ಕೊನೆಯ ಪುಟ ತಿರುಗಿಸಿದಳು. ಅಲ್ಲಿ ಹೀಗಿತ್ತು: 'ಅಂತಿಮವಾಗಿ, ಕಾರ್ಮಿಕರು ಕೆಲಸಕ್ಕೆ ಹಾಜರಾಗದ ಕಾರಣ ಗಿರಣಿಯನ್ನು ಮುಚ್ಚಲಾಯಿತು.'

ಆ ಸಾಲನ್ನು ಅವಳು ಮನೆಗೆ ಬಂದು ಅಜ್ಜಿಗೆ ಓದಿ ಹೇಳಿದಳು. ಹೇಳಬಾರದಿತ್ತು. ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವ ಜಾಯಮಾನ ಅವಳದಲ್ಲ.

ಅಜ್ಜಿ ಗಿರಣಿಯ ನೇಯ್ಗೆ ವಿಭಾಗದಲ್ಲಿ ಮೂವತ್ತೊಂದು ವರ್ಷ ನಾಲ್ಕು ಮಗ್ಗ ನೋಡಿಕೊಂಡವಳು. ಆ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋದವಳಲ್ಲವೆಂದು ಗಿರಣಿಯವರು ಅವಳಿಗೊಂದು ಅಲಾರಂ ಗಡಿಯಾರ ಕೊಟ್ಟಿದ್ದರು. ಅದು ಬಂದ ಪೆಟ್ಟಿಗೆಯಲ್ಲೇ, ಹತ್ತಿಯ ಮೆತ್ತೆಯ ಮೇಲೆ, ಬೀರುವಿನಲ್ಲಿ ಮಲಗಿತ್ತು. ಗಿರಣಿ ಊರಿನಲ್ಲಿ ಯಾರಿಗೂ ಗಡಿಯಾರ ಬೇಕಿರಲಿಲ್ಲ. ಬೆಳಗ್ಗೆ ಐದೂವರೆಗೆ ಸೈರನ್ ಕೂಗಿದರೆ ಊರು ಏಳಬೇಕು, ಆರಕ್ಕೆ ಕೂಗಿದರೆ ಗೇಟಿನೊಳಗಿರಬೇಕು. ಸೈರನ್ನಿಗಿಂತ ಹೆಚ್ಚು ಗೊತ್ತು ಅನ್ನುವ ಗಡಿಯಾರ ಯಾರ ಮನೆಯಲ್ಲಿದ್ದರೂ ಅದು ಅಹಂಕಾರ.

"ಆ ಸಾಲು ಬೋರ್ಡಿನ ಮೇಲೆ ಬರುತ್ತಾ?" ಎಂದು ಅಜ್ಜಿ ಕೇಳಿದಳು.

"ನಾನು ಬರೆದು ಕೊಡದಿದ್ರೆ ಬರುತ್ತೆ."

"ಬಸ್ಸಿಂದ ಇಳಿದವರೆಲ್ಲ ಓದ್ತಾರೆ."

"ಇಳಿಯೋರು ದಿನಕ್ಕೆ ನಾಲ್ಕು ಜನ ಅಜ್ಜಿ."

"ನಾಲ್ಕು ಜನವೂ ಓದ್ತಾರೆ" ಎಂದಳು ಅಜ್ಜಿ. ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಬೆರಳಲ್ಲಿ ಉಜ್ಜಿದಳು, ಬಟ್ಟೆ ಎಷ್ಟು ಒತ್ತಾಗಿದೆ ಎಂದು ನೋಡುವವಳ ಹಾಗೆ. "ನಾನು ಇನ್ಮೇಲೆ ಆ ಬೀದಿಗೆ ಕಾಲಿಡೋಲ್ಲ ಮರಿ. ಔಷಧಿ ಅಂಗಡಿಗೂ ನೀನೇ ಹೋಗು."

"ನಾನು ಬರೀತೀನಿ. ನೀನು ಹೇಳ್ತಿದ್ದ ಹಾಗೇ ಬರೀತೀನಿ. ಶನಿವಾರದೊಳಗೆ. ಆಣೆ."

ಅಜ್ಜಿ ಹೇಳುತ್ತಿದ್ದದ್ದು ಈ ಕಥೆ: ಕೊನೆಯ ದಿನ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಅಜ್ಜಿಯ ನಾಲ್ಕನೆಯ ಮಗ್ಗದಲ್ಲಿ ಮಾತ್ರ ಇನ್ನೂ ಮೂರು ಮೊಳ ಬಾಕಿ. ಮ್ಯಾನೇಜರು ಬಂದು ನಿಲ್ಲಿಸು ಎಂದ. ಅಜ್ಜಿ ಅವನ ಕಡೆ ತಿರುಗಲೂ ಇಲ್ಲ. ಮೂರು ಮೊಳವನ್ನೂ ನೇಯ್ದು, ಕತ್ತರಿಸಿ, ಮಡಿಸಿ, ಅವನ ಕೈಗಿಟ್ಟು, "ಈಗ ನಿಂತಿತು" ಎಂದಳು. ಮ್ಯಾನೇಜರು ಟೋಪಿ ತೆಗೆದ. ಹುಡುಗಿ ಹಾಲು ಬಿಟ್ಟಾಗಿನಿಂದ ಈ ಕಥೆಯ ಮೇಲೆ ಬೆಳೆದವಳು. ಶಾಲೆಯಲ್ಲಿ ಯಾರಾದರೂ ಅವಳ ಜಡೆ ಎಳೆದರೆ ಮನಸ್ಸಿನಲ್ಲೇ ಮೂರು ಮೊಳ ನೇಯ್ದು, ಆಮೇಲೆ ಅಳುತ್ತಿದ್ದಳು.

ಮರುದಿನದಿಂದ ಜನಸಂಖ್ಯೆಯ ಎಣಿಕೆ ಶುರುವಾಯಿತು. ಮನೆಮನೆಗೆ ಹೋಗಿ ಎಣಿಸಿ ಬರುವುದು ಕಷ್ಟವೇನಲ್ಲ, ಎಣಿಸುವವರ ತಲೆ ಹೆಗಲ ಮೇಲಿದ್ದರೆ. ಮೊದಲ ಎಣಿಕೆಯಲ್ಲಿ ಎರಡು ಸಾವಿರದ ಆರುನೂರು ಬಂತು. ಊರಲ್ಲಿ ಅಷ್ಟು ಹಾಸಿಗೆಗಳೇ ಇಲ್ಲ ಎಂದರು ಹೆಡ್ ಕ್ಲಾರ್ಕು. ಆಮೇಲೆ ತಿಳಿದದ್ದು ಏನೆಂದರೆ, ಗಿರಣಿಯ ಸಾಲುಮನೆಗಳಿಗೆ ಒಂದು ಬಾಗಿಲು ಈ ಬೀದಿಗೆ, ಒಂದು ಬಾಗಿಲು ಆ ಬೀದಿಗೆ. ಅವಳು ಕನಸು ಕಾಣುತ್ತ ಎರಡೂ ಬೀದಿಗಳಲ್ಲಿ ನಡೆದು, ಅದೇ ಮನೆಗಳಿಗೆ ಎರಡೆರಡು ಸಲ ಹೋಗಿ, ಅವರನ್ನೇ ಎರಡೆರಡು ಸಲ ಬರೆದುಕೊಂಡಿದ್ದಳು. ಒಬ್ಬಾಕೆಯಂತೂ ಎರಡು ಸಲವೂ ಚಹಾ ಕೊಟ್ಟಿದ್ದಳು.

"ನೀವಾದರೂ ಹೇಳಬಾರದಿತ್ತಾ ಅಕ್ಕ?"

"ಹಸಿವಾಗಿರಬೇಕು ಪಾಪ, ಅದಕ್ಕೇ ಮತ್ತೆ ಬಂದಿದೆ ಮಗು ಅಂದ್ಕೊಂಡೆ" ಎಂದಳು ಆಕೆ.

ಎಣಿಕೆಯ ಜೊತೆಗೆ ಕೊನೆಯ ದಿನದ ಬಗ್ಗೆಯೂ ವಿಚಾರಿಸುತ್ತ ಹೋದಳು. ಅಜ್ಜಿಯ ಕಥೆಗೆ ಒಬ್ಬ ಸಾಕ್ಷಿ ಸಿಕ್ಕರೆ ಪುಟಕ್ಕೆ ತೂಕ ಬರುತ್ತದೆ ಎಂದು ಆಸೆ. ಸಾಕ್ಷಿ ಸಿಗಲಿಲ್ಲ, ಸ್ಪರ್ಧಿಗಳು ಸಿಕ್ಕರು. ಕೊನೆಯ ಮಗ್ಗ ನಿಲ್ಲಿಸಿದವರು ಬುಧವಾರದ ಹೊತ್ತಿಗೆ ಅಜ್ಜಿಯೂ ಸೇರಿ ಹದಿನೇಳು ಜನ ಆಗಿದ್ದರು. ಕೊನೆಯ ದೀಪ ಆರಿಸಿದವರು ಒಂಬತ್ತು. ಒಬ್ಬ ಮುದುಕರು ಗೇಟಿಗೆ ಮುತ್ತಿಟ್ಟಿದ್ದರು. ಹೆಡ್ ಕ್ಲಾರ್ಕು ಕೂಡ, ಆಗ ಟೈಮ್ ಆಫೀಸಿನಲ್ಲಿ ಹಾಜರಿ ಹಾಕುವ ಹುದ್ದೆಯಲ್ಲಿದ್ದವರು, ಕೊನೆಯ ಹಾಜರಿ ಬಿಲ್ಲೆಯನ್ನು ತಮ್ಮ ಕೈಯಾರೆ ಮೊಳೆಗೆ ತೂಗುಹಾಕಿದ್ದಾಗಿ ಹೇಳಿದರು. ಮ್ಯಾನೇಜರು ಅಂದು ಒಟ್ಟು ಇಪ್ಪತ್ತಮೂರು ಸಲ ಟೋಪಿ ತೆಗೆದಿದ್ದ. ಅಷ್ಟು ತೆಗೆದರೆ ನೆಗಡಿಯಾದರೂ ಆಗಬೇಕಿತ್ತು.

ಗುರುವಾರ ಮಧ್ಯಾಹ್ನ ಅವಳು ಅಜ್ಜಿಯ ಗೆಳತಿಯರಿಬ್ಬರನ್ನು ಮನೆಗೆ ಕರೆದಳು. ಒಬ್ಬಳು ಬಾಬಿನ್ ಚಿಕ್ಕಮ್ಮ. ನೂಲಿನ ಬಾಬಿನ್ ತುಂಬುತ್ತಿದ್ದವಳು, ಈಗಲೂ ಕೈಗೆ ಏನು ಸಿಕ್ಕರೂ ಸುತ್ತುತ್ತಲೇ ಇರುವವಳು. ಇನ್ನೊಬ್ಬಳು ಎದುರುಮನೆ ದೊಡ್ಡಮ್ಮ, ಅಜ್ಜಿಯ ಪಕ್ಕದ ಮಗ್ಗಗಳವಳು. ಅಜ್ಜಿ ಒಳಗೆ ಚಹಾ ಇಡಲು ಹೋಗಿದ್ದಳು. ಹುಡುಗಿ ಮೂರು ಮೊಳದ ಕಥೆಯನ್ನು ಓದಿ ಹೇಳಿದಳು.

"ಹೌದೇ ಹೌದು" ಎಂದಳು ದೊಡ್ಡಮ್ಮ.

"ಕಣ್ಣಾರೆ ನೋಡಿದ್ದೀವಿ" ಎಂದಳು ಚಿಕ್ಕಮ್ಮ, ಹಳೆಯ ದಾರವೊಂದನ್ನು ಬೆರಳಿಗೆ ಸುತ್ತುತ್ತ.

ಹುಡುಗಿ ಬರೆದುಕೊಂಡಳು. ಬರೆದುಕೊಂಡು ತಲೆ ಎತ್ತಿ ಎಂದಿನಂತೆ ಕಿಟಕಿಯ ಕಡೆ ಮುಖ ಮಾಡಿದಳು. ಅವಳ ಮುಖ ಹಾಗೆ ತಿರುಗಿತೆಂದರೆ ಪಕ್ಕದಲ್ಲಿ ಗೋಡೆ ಬಿದ್ದರೂ ಅವಳಿಗೆ ತಿಳಿಯುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತು. ಗೆಳತಿಯರಿಬ್ಬರೂ ಆ ಧೈರ್ಯದ ಮೇಲೆ ಗಿರಣಿ ಮಾತಿಗೆ ಇಳಿದರು.

ಗಿರಣಿ ಮಾತೆಂದರೆ ತುಟಿಯ ಮಾತು. ನಾನೂರು ಮಗ್ಗ ಒಟ್ಟಿಗೆ ಬಡಿಯುವಾಗ ಕಿರುಚಿದರೂ ಪಕ್ಕದವಳಿಗೆ ಕೇಳುವುದಿಲ್ಲ. ಹಾಗಾಗಿ ಹೆಂಗಸರು ಸದ್ದಿಲ್ಲದೆ, ತುಟಿಯನ್ನು ಅಗಲವಾಗಿ ಆಡಿಸಿ, ಕಣ್ಣಿನಿಂದ ಕೇಳಿಕೊಳ್ಳುತ್ತಿದ್ದರು. ಗಿರಣಿ ಹೋದರೂ ಆ ಮಾತು ಹೋಗಲಿಲ್ಲ. ಬೀದಿಯ ಈ ಬಾಗಿಲಿನಿಂದ ಆ ಬಾಗಿಲಿಗೆ, ಗಂಡಂದಿರ ತಲೆಯ ಮೇಲಿಂದ, ಅದು ಇಂದಿಗೂ ಓಡಾಡುತ್ತದೆ. ಈಗಿನ ಮಕ್ಕಳಿಗೆ ಅದು ಬಾರದು ಎಂಬುದು ಅವರ ನಂಬಿಕೆ. ಆದರೆ ಈ ಹುಡುಗಿ ಅಮ್ಮನ ಬೈಗುಳವನ್ನು ಕಿವಿಯಲ್ಲಿ, ಅಜ್ಜಿಯ ಬೈಗುಳವನ್ನು ಕಣ್ಣಲ್ಲಿ ಕೇಳಿ ಬೆಳೆದವಳು.

'ಪಾಪ, ಎಷ್ಟು ಚೆಂದ ಬರೆದಿದೆ ಮಗು' ಎಂದಿತು ಚಿಕ್ಕಮ್ಮನ ತುಟಿ.

'ಅವತ್ತು ಇವಳ ಅಜ್ಜಿ ಎಲ್ಲಿದ್ದಳು?' ಎಂದಿತು ದೊಡ್ಡಮ್ಮನದು.

'ಎಲ್ಲಿರ್ತಾಳೆ, ಹಾಸಿಗೇಲಿ. ನೀನೆಲ್ಲಿದ್ದೆ?'

'ಹಾಸಿಗೇಲಿ.'

'ಇಡೀ ಊರೇ ಹಾಸಿಗೇಲಿತ್ತು. ಕೂಗಲಿಲ್ಲವಲ್ಲ ಅದು.'

'ಬಾಯಿ ಮುಚ್ಚು. ಚಹಾ ಬಂತು.'

ಚಹಾ ಬಂತು. ಹುಡುಗಿ ಕಿಟಕಿಯ ಕಡೆಯೇ ನೋಡುತ್ತ ಬಾಯಿ ಸುಟ್ಟುಕೊಂಡಳು. ಅವಳ ಬದುಕಿನ ಮೂರೂ ಮೊಳ ಬಟ್ಟೆ ಕಣ್ಣೆದುರಿಗೇ ಬಿಚ್ಚಿ ನೂಲಾಗಿ ಹೋಗಿತ್ತು. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಊರು ನಿಜವಾಗಿ ಹಾಸಿಗೆಯಲ್ಲಿದ್ದರೆ ಆ ಹಳದಿ ಪುಸ್ತಿಕೆಯ ಸಾಲು ಸುಳ್ಳಲ್ಲ. ಅಜ್ಜಿ ಹೇಳಿದ ಹಾಗೆ ಬರೆದರೆ ಉಳಿದ ಹದಿನಾರು ಜನ ಬೋರ್ಡಿನ ಕೆಳಗೆ ನಿಂತು ನಗುತ್ತಾರೆ. ನಡೆದ ಹಾಗೆ ಬರೆದರೆ ಅಜ್ಜಿ ಆ ಬೀದಿಗೆ ಕಾಲಿಡುವುದಿಲ್ಲ. ಆಣೆ ಬೇರೆ ಹಾಕಿಯಾಗಿದೆ. ಆಮೆಯ ಬಗ್ಗೆಯೇ ಬರೆದುಕೊಂಡಿದ್ದರೆ ಎಷ್ಟು ಸುಖವಾಗಿತ್ತು.

ಶುಕ್ರವಾರ ಬೆಳಗ್ಗೆ ಅವಳು ಬಾಯ್ಲರ್ ತಾತನ ಮನೆಗೆ ಹೋದಳು. ಸೈರನ್ ಕೂಗುತ್ತಿದ್ದದ್ದು ಬಾಯ್ಲರಿನ ಹಬೆಯಿಂದ, ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದವರು ಈ ತಾತ. ಕೊನೆಯ ದಿನದ ಬಗ್ಗೆ ಒಂದು ಕಥೆಯೂ ಹೇಳದೆ ಉಳಿದಿದ್ದವರು ಊರಿನಲ್ಲಿ ಇವರೊಬ್ಬರೇ ಎಂಬುದು ಅವಳಿಗೆ ಆ ಬೆಳಗ್ಗೆ, ಹಲ್ಲುಜ್ಜುವಾಗ ಹೊಳೆದಿತ್ತು. ಇದು ಐದು ತಿಂಗಳಲ್ಲಿ ಅವಳಿಗೆ ಹೊಳೆದ ಮೊದಲ ಉಪಯೋಗದ ವಿಚಾರ.

ತಾತ ಹಿತ್ತಲಲ್ಲಿ ಕೂತು ಸೀಮೆಎಣ್ಣೆಯ ಸ್ಟೌವ್ ಒಂದನ್ನು ಬಿಚ್ಚಿ ಹರಡಿಕೊಂಡಿದ್ದರು.

"ಮನೇಲಿ ಎಷ್ಟು ಜನ ತಾತ?"

"ಮೊನ್ನೆ ಎಣಿಸಿಕೊಂಡು ಹೋದೆಯಲ್ಲ. ಎರಡು ಸಲ."

"ಅವತ್ತು ಸೈರನ್ ಯಾಕೆ ಕೂಗಲಿಲ್ಲ?"

ತಾತ ಬರ್ನರನ್ನು ಬಾಯಿಂದ ಊದಿದರು. ಅದರಲ್ಲಿ ಕಸ ಏನೂ ಇರಲಿಲ್ಲ. ಮತ್ತೆ ಊದಿದರು.

"ಯಾರು ಹೇಳಿದ್ರು ನಿನಗೆ?"

"ಯಾರೂ ಬಾಯಿ ಬಿಟ್ಟು ಹೇಳಲಿಲ್ಲ."

"ನಾನೇ ಮಗು, ಊರನ್ನ ಮಲಗಿಸಿದವನು" ಎಂದರು ತಾತ. "ಹಿಂದಿನ ದಿನ ಸಂಜೆ ನಾಲ್ಕು ಗಂಟೆಗೆ, ಎಲ್ಲರೂ ಮನೆಗೆ ಹೋದ ಮೇಲೆ, ಮ್ಯಾನೇಜರು ಬಂದ. ಬಾಯ್ಲರ್ ಬೆಂಕಿ ಆರಿಸು, ರಿಪೇರಿ ಇದೆ, ನಾಳೆ ನಾವೇ ಹೊತ್ತಿಸ್ಕೋತೀವಿ, ನೀನು ಬರೋದು ಬೇಡ ಅಂದ. ಕೀಲಿಕೈನೂ ಇಸ್ಕೊಂಡ. ಹದಿನೆಂಟು ವರ್ಷದಲ್ಲಿ ಆ ಬೆಂಕಿ ಆರಿಸಿದ್ದು ಅದೇ ಮೊದಲು. ಒಂದು ಮಾತು ಕೇಳಬೇಕಿತ್ತು ನಾನು. ಬೆಂಕಿ ಇಲ್ಲದಿದ್ರೆ ಹಬೆ ಇಲ್ಲ, ಹಬೆ ಇಲ್ಲದಿದ್ರೆ ಕೂಗು ಇಲ್ಲ, ಜನ ಹೇಗೆ ಏಳ್ತಾರೆ ಅಂತ. ಕೇಳಲಿಲ್ಲ. ರಜಾ ಸಿಕ್ಕಿತು ಅಂತ ಖುಷಿಯಾಗಿ ಮನೆಗೆ ಬಂದು ಮಲಗಿಬಿಟ್ಟೆ."

"ಬೆಳಗ್ಗೆ?"

"ಬೆಳಗ್ಗೆ ಎದ್ದಾಗ ನೋಟೀಸು ಅಂಟಿಸಿ ಬೀಗ ಹಾಕಿ ಆಗಿತ್ತು. ಯಾರೂ ಬರಲಿಲ್ಲ, ಅದಕ್ಕೇ ಮುಚ್ಚಿದ್ದೀವಿ ಅಂತ. ಯಾರಿಗೆ ಮುಖ ತೋರಿಸ್ಲಿ? ಎಲ್ಲರೂ ಅವರವರ ನಿದ್ದೆ ಮುಚ್ಚಿಟ್ಕೊಂಡ್ರು, ನಾನು ನನ್ನ ಬೆಂಕಿ ಮುಚ್ಚಿಟ್ಕೊಂಡೆ."

ಅವಳು ಸಂಜೆಯವರೆಗೆ ಕಚೇರಿಯಲ್ಲಿ ಕೂತು ಒಂದು ಅಕ್ಷರವನ್ನೂ ಬರೆಯಲಿಲ್ಲ. ಬರೆಯಲಿಲ್ಲ ಅನ್ನುವುದಕ್ಕಿಂತ, ಈ ಸಲ ಕನಸೂ ಕಾಣಲಿಲ್ಲ. ಹೆಡ್ ಕ್ಲಾರ್ಕು ಎರಡು ಸಲ ಬಂದು ಹಣೆ ಮುಟ್ಟಿ ನೋಡಿ ಹೋದರು.

ಮನೆಗೆ ಬಂದಾಗ ಅಜ್ಜಿ ಹೊಸಿಲಿನ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಹುಡುಗಿ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಸದ್ದಿಲ್ಲದೆ, ತುಟಿಯಲ್ಲಿ ಮಾತ್ರ ಕೇಳಿದಳು: 'ಅವತ್ತು ಎಷ್ಟು ಹೊತ್ತಿಗೆ ಎದ್ದೆ ಅಜ್ಜಿ?'

ಅಜ್ಜಿಯ ಬೆರಳು ಮೊರದಲ್ಲೇ ನಿಂತಿತು. ಆಮೇಲೆ ಅವಳೂ ತುಟಿಯಲ್ಲೇ ಹೇಳಿದಳು: 'ಎಂಟಕ್ಕೆ.'

"ಬಿಸಿಲು ಮುಖಕ್ಕೆ ಬಂದಿತ್ತು" ಎಂದು ಮುಂದಿನದನ್ನು ದನಿ ತೆಗೆದು ಹೇಳಿದಳು. "ಈ ಸೂರ್ಯಂಗೆ ಏನೋ ತಲೆ ಕೆಟ್ಟಿದೆ, ಇನ್ನೂ ಕೂಗೇ ಆಗಿಲ್ಲ, ಆಗಲೇ ಇಷ್ಟು ಮೇಲೆ ಬಂದಿದ್ದಾನೆ ಅಂದ್ಕೊಂಡು ಮಗ್ಗುಲು ಬದಲಾಯಿಸಿದೆ ಮರಿ. ಸೂರ್ಯಂದೇ ತಪ್ಪು ಅಂದ್ಕೊಂಡೆ. ಅಷ್ಟು ಪೆದ್ದಿ ನಾನು. ಪಕ್ಕದ ಮನೆಯವಳು ಐದಕ್ಕೇ ಎದ್ದಿದ್ದಳಂತೆ, ತಲೆ ಬಾಚಿ, ಚಪ್ಪಲಿ ಹಾಕಿ, ಕೂಗಲಿ ಹೋಗೋಣ ಅಂತ ಬಾಗಿಲಲ್ಲಿ ಕೂತೇ ಇದ್ದಳು. ಕೂತಲ್ಲೇ ನಿದ್ದೆ ಹೋಗಿದ್ದಳು."

"ನಾನು? ನಾನಾದರೂ ಅಳಲಿಲ್ವಾ? ಎಂಟು ತಿಂಗಳ ಮಗು ಇದ್ದೆ."

"ನೀನೂ ಎದ್ದಿರಲಿಲ್ಲ. ಈ ಊರಿನ ಮಗು ತಾನೆ."

ತಾನೂ ಆ ಕಾರ್ಮಿಕರ ಜೊತೆ ಗೈರುಹಾಜರಾಗಿದ್ದೆ ಎಂಬುದು ಹುಡುಗಿಗೆ ಹೊಸ ವಿಷಯ. ಇಪ್ಪತ್ತನಾಲ್ಕು ವರ್ಷ ಬಿಟ್ಟೂ ಬಿಡದೆ ಅದನ್ನೇ ಮುಂದುವರಿಸಿಕೊಂಡು ಬಂದಿದ್ದೇನೆ ಎಂದೂ ಅನಿಸಿತು.

"ಒಂದು ದಿನ ತಪ್ಪಿದ್ದಕ್ಕೆ ಗಿರಣಿ ಹೋಯ್ತು" ಎಂದಳು ಅಜ್ಜಿ. "ಮೂವತ್ತೊಂದು ವರ್ಷ ಎದ್ದೆ. ಆ ಒಂದಿನ ಎದ್ದಿದ್ರೆ, ನಾಲ್ಕು ಬಾಗಿಲು ಬಡಿದಿದ್ರೆ, ಎಲ್ಲರೂ ಹೋಗಿ ನಿಂತಿರ್ತಿದ್ವಿ. ಮುಚ್ಚೋದಕ್ಕೆ ಅವರಿಗೆ ಕಾರಣ ಸಿಗ್ತಿರಲಿಲ್ಲ. ನಾನೇ ಕೊಟ್ಟೆ ಕಾರಣ. ಇದನ್ನ ಮೊಮ್ಮಗಳಿಗೆ ಹೇಳೋದಾ? ಅದಕ್ಕೇ ಮೂರು ಮೊಳ ಬಟ್ಟೆ ನೇಯ್ದೆ."

"ಅಜ್ಜಿ, ಬೆಂಕಿ ಹಿಂದಿನ ದಿನಾನೇ ಆರಿಸಿದ್ರು."

ಅವಳು ಬಾಯ್ಲರ್ ತಾತ ಹೇಳಿದ್ದನ್ನೆಲ್ಲ ಹೇಳಿದಳು. ಸಂಜೆ ನಾಲ್ಕು ಗಂಟೆ, ರಿಪೇರಿಯ ಮಾತು, ಕೀಲಿಕೈ. ಈ ಸಲ ಗುಡ್ಡದಿಂದ ಶುರು ಮಾಡಲಿಲ್ಲ. ಅಜ್ಜಿ ಕೇಳುತ್ತ ಕೇಳುತ್ತ ಒಂದೇ ಕಲ್ಲನ್ನು ಮೊರದಿಂದ ತೆಗೆದು ಮತ್ತೆ ಮೊರಕ್ಕೇ ಹಾಕಿದಳು.

"ನಾಲ್ಕು ಗಂಟೆಗೆ?"

"ನಾಲ್ಕು ಗಂಟೆಗೆ. ನೀನು ಮಲಗೋದಕ್ಕೆ ಮೊದಲೇ ಮುಚ್ಚಿ ಆಗಿತ್ತು. ನೀನು ಎದ್ದು ಹೋಗಿದ್ರೂ ಬೀಗ ನೋಡಿಕೊಂಡು ವಾಪಸ್ ಬರ್ತಿದ್ದೆ."

ಅಜ್ಜಿ ಮೊರ ಕೆಳಗಿಟ್ಟಳು. ಎದುರುಮನೆಯ ಬಾಗಿಲಲ್ಲಿ ದೊಡ್ಡಮ್ಮ ಕೂತಿದ್ದಳು. ಅಜ್ಜಿ ಬೀದಿಯ ಆಚೆಗೆ ತುಟಿಯಲ್ಲೇ ಏನೋ ಹೇಳಿದಳು, ಇಷ್ಟು ಅಗಲವಾಗಿ ಹೇಳಿದಳೆಂದರೆ ಬೀದಿಯ ಕೊನೆಯವರೆಗೂ ಓದಬಹುದಿತ್ತು. ದೊಡ್ಡಮ್ಮ ಎದ್ದು ನಿಂತಳು. ಅವಳು ಪಕ್ಕದ ಬಾಗಿಲಿಗೆ ಹೇಳಿದಳು. ಪಕ್ಕದ ಬಾಗಿಲು ಅದರ ಪಕ್ಕಕ್ಕೆ ಹೇಳಿತು. ಕತ್ತಲಾಗುವುದರೊಳಗೆ ಒಂದು ಸದ್ದೂ ಇಲ್ಲದೆ ವಿಷಯ ಬಾಯ್ಲರ್ ತಾತನ ಮನೆಯವರೆಗೆ ಹೋಗಿ, ಅಲ್ಲಿಂದ ಹೌದು ಎಂಬ ಉತ್ತರವನ್ನು ಹೊತ್ತು ತಿರುಗಿ ಬಂತು.

"ಆಣೆ ಹಾಕಿದ್ದೆಯಲ್ಲ, ನಾನು ಹೇಳಿದ ಹಾಗೆ ಬರೀತೀನಿ ಅಂತ" ಎಂದಳು ಅಜ್ಜಿ. "ಬರ್ಕೊ ಹಾಗಾದ್ರೆ, ಹೇಳ್ತೀನಿ. ಮಧ್ಯದಲ್ಲಿ ಎಲ್ಲಾದ್ರೂ ಆಮೆಗೀಮೆ ಬಂದ್ರೆ ನೋಡು ಮತ್ತೆ."

ಶನಿವಾರ ಬೆಳಗ್ಗೆ ಪೇಂಟರ್ ಏಣಿಯೊಂದಿಗೆ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ. ಹುಡುಗಿ ಒಳಗೆ ಹೋಗಿ ಹಾಳೆಯನ್ನು ಹೆಡ್ ಕ್ಲಾರ್ಕಿನ ಮುಂದಿಟ್ಟಳು. ಒಂದೇ ಹಾಳೆ. ಅವರು ಅದರ ಹಿಂಬದಿಯನ್ನೂ ತಿರುಗಿಸಿ ನೋಡಿ, ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು ಓದತೊಡಗಿದರು.

ನದಿ, ಗಿರಣಿ, ನಾನೂರು ಮಗ್ಗ, ಸಾಲುಮನೆಗಳು, ತುಟಿಯ ಮಾತು, ಎಲ್ಲ ಎಂಟು ಸಾಲಿನಲ್ಲಿ ಮುಗಿದಿತ್ತು. ಆಮೇಲೆ ಹೀಗಿತ್ತು:

'ಗಿರಣಿಯವರು ಒಂದು ಸಂಜೆ ನಾಲ್ಕು ಗಂಟೆಗೆ, ಯಾರಿಗೂ ಹೇಳದೆ, ಬಾಯ್ಲರಿನ ಬೆಂಕಿ ಆರಿಸಿ ಗಿರಣಿಯನ್ನು ಮುಚ್ಚಿದರು. ಮರುದಿನ ಬೆಳಗ್ಗೆ ಸೈರನ್ ಕೂಗಲಿಲ್ಲ. ಆದ್ದರಿಂದ ಈ ಊರಿನ ಜನ ಬಹಳ ವರ್ಷಗಳ ನಂತರ ಮೊದಲ ಸಲ ಎಂಟು ಗಂಟೆಯವರೆಗೆ ನಿದ್ದೆ ಮಾಡಿದರು. ಜನಸಂಖ್ಯೆ: ಒಂದು ಸಾವಿರದ ಮುನ್ನೂರ ಹನ್ನೆರಡು, ಪ್ರತಿಯೊಬ್ಬರನ್ನೂ ಒಂದೇ ಸಲ ಎಣಿಸಿದಾಗ.'

ಹೆಡ್ ಕ್ಲಾರ್ಕು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

"ಎಂಟು ಗಂಟೆ ಅಂತ ಬರೆದಿದ್ದೀಯ" ಎಂದರು.

"ಹೌದು ಸಾರ್. ತಪ್ಪಿದ್ದರೆ ತಿದ್ದಿ."

ಅವರು ಬಾಗಿಲ ಕಡೆ ನೋಡಿದರು. ಪೇಂಟರ್ ಬ್ರಷ್ ತೊಳೆಯುತ್ತಿದ್ದ. ಅವನು ಬೇರೆ ಊರಿನವನು.

"ನಾನು ಎದ್ದಾಗ ಒಂಬತ್ತೂಕಾಲು" ಎಂದರು ಮೆಲ್ಲಗೆ. "ಟೈಮ್ ಆಫೀಸಿನವನು ನಾನು."

ಪೆನ್ನು ತೆಗೆದುಕೊಂಡು 'ಎಂಟು ಗಂಟೆಯವರೆಗೆ' ಎಂಬುದರ ಮುಂದೆ 'ಕೆಲವರು ಇನ್ನೂ ಹೆಚ್ಚು ಹೊತ್ತು' ಎಂದು ಸೇರಿಸಿದರು. ಕೆಳಗೆ ಸಹಿ ಹಾಕಿ, ಮೊಹರು ಒತ್ತಿ, ಹಾಳೆಯನ್ನು ಪೇಂಟರಿಗೆ ಕೊಟ್ಟು ಬರಲು ಅವಳ ಕೈಗೇ ಕೊಟ್ಟರು. ಅವಳು ಕೊಟ್ಟು ಬಂದಳು.